ಗೊತ್ತಿದ್ದವನು ಯಾಕೆ ಸುಮ್ಮನಿದ್ದ?

ಪ್ರಶ್ನೆ: ಸರ್, ನಮಸ್ಕಾರ. ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಸಂಘಗಳ ವಾರ್ಷಿಕ ವರದಿ ಇಂಥವೇ ಜಾಸ್ತಿ. ನನ್ನನ್ನು ಬಿಟ್ಟು ಹನ್ನೊಂದು ಜನ. 26 ವರ್ಷದಿಂದ ನಾನು ಹೇಳುತ್ತೇನೆ, ಅವರು ಮಾಡುತ್ತಾರೆ. ಈಗ ಮಗಳು ಬೆಂಗಳೂರಿನ ಕೆಲಸ ಬಿಟ್ಟು ಬಂದು ಪ್ರೆಸ್ ನೋಡಿಕೊಳ್ಳುತ್ತಿದ್ದಾಳೆ. ದಿನಾ ಬೆಳಗ್ಗೆ ಎಲ್ಲರೂ ನಿಂತು ಇಪ್ಪತ್ತು ನಿಮಿಷ ಮಾತಾಡಬೇಕು, ಎಲ್ಲ ಕೆಲಸ ಒಂದು ಆ್ಯಪ್‌ನಲ್ಲಿ ಎಲ್ಲರಿಗೂ ಕಾಣಬೇಕು, ತೀರ್ಮಾನ ಕೂಡಿ ಮಾಡಬೇಕು ಅನ್ನುತ್ತಾಳೆ. "ಅಪ್ಪಾ, ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದವರು 1905ರಲ್ಲೇ ಸಹಕಾರ ಸಂಘ ಕಟ್ಟಿದರು, ನಿಮಗೆ ಈಗಲೂ ಆಗಲ್ವಾ?" ಅಂತ ಚುಚ್ಚುತ್ತಾಳೆ. ಮಾತಿಗೆ ನಿಂತರೆ ಮಷಿನ್ ಓಡಿಸುವವರು ಯಾರು? ಹೋದ ಮದುವೆ ಸೀಸನ್‌ನಲ್ಲಿ 800 ಪತ್ರಿಕೆ ಮಡಿಕೆಯಲ್ಲಿ ಬಿರುಕು ಬಿಟ್ಟವು, ಮತ್ತೆ ಮಾಡಿಕೊಟ್ಟೆವು. ಅಂಥದ್ದು ಮಾತಿನಿಂದ ನಿಲ್ಲುತ್ತದಾ?
ಹೆಸರು ಬೇಡ, ಗದಗ

ಉತ್ತರ: ಮಾಲಕರೆ, ಆ 800 ಪತ್ರಿಕೆಯಿಂದಲೇ ಶುರು ಮಾಡೋಣ. ದಪ್ಪ ಕಾಗದಕ್ಕೆ ಎಳೆ ಇರುತ್ತದೆ. ಎಳೆಯ ಗುಂಟ ಮಡಚಿದರೆ ಸಲೀಸಾಗಿ ಮಡಚುತ್ತದೆ, ಅಡ್ಡ ಮಡಚಿದರೆ ಬಿರಿಯುತ್ತದೆ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ದಿನಾ ಕಾಗದ ಮಡಚುವ ನಿಮ್ಮ ಬೈಂಡಿಂಗ್‌ನವರಿಗೆ ಇನ್ನೂ ಚೆನ್ನಾಗಿ ಗೊತ್ತು. ಶೀಟು ಕಟಿಂಗ್‌ಗೆ ಹೋದಾಗ ಯಾರೂ ನೋಡಲಿಲ್ಲವಾ? ಚಹಾದ ಹೊತ್ತಿಗೆ ಒಬ್ಬೊಬ್ಬರನ್ನೇ ಕೇಳಿ, ಬೈಯ್ಯದೆ ಕೇಳಿ. ಒಬ್ಬನಾದರೂ "ಅವತ್ತೇ ಅನಿಸಿತ್ತು" ಅಂದಾನು.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇತ್ತು. ಒಮ್ಮೆ ನಾಲ್ಕು ಇಂಚಿನ ಪೈಪಿನ ಫ್ಲ್ಯಾಂಜ್, ಅಂದರೆ ಪೈಪುಗಳನ್ನು ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆಯ ಆರ್ಡರ್ ಬಂತು, ಒತ್ತಡದ ದರ್ಜೆ ಕ್ಲಾಸ್ 150. ಅದಕ್ಕೆ 190.5 ಮಿಲಿಮೀಟರ್ ವ್ಯಾಸದ ಸುತ್ತಿನ ಮೇಲೆ ಎಂಟು ತೂತು ಬೇಕು. ನಾನು ಗಡಿಬಿಡಿಯಲ್ಲಿ ಟೇಬಲ್‌ನ ಮೇಲಿನ ಸಾಲು ನೋಡಿ ಮೂರು ಇಂಚಿನದರ ಲೆಕ್ಕ ಬರೆದೆ. 152.4, ನಾಲ್ಕು ತೂತು. ಡ್ರಿಲ್ಲಿಂಗ್‌ನವನು ಹದಿನಾಲ್ಕು ವರ್ಷದ ಹಳಬ. 30 ಫ್ಲ್ಯಾಂಜ್‌ಗೂ ಅಚ್ಚುಕಟ್ಟಾಗಿ ನಾಲ್ಕೇ ತೂತು ಹೊಡೆದು, ಸಾಲಾಗಿ ಜೋಡಿಸಿಟ್ಟಿದ್ದ. ಅಷ್ಟೂ ಗುಜರಿಗೆ ಹೋದವು. ನಾಲ್ಕು ಇಂಚಿಗೆ ಎಂಟು ಅಂತ ನಿನಗೆ ಗೊತ್ತಿರಲಿಲ್ಲವಾ ಅಂದೆ. "ಗೊತ್ತಿತ್ರಿ. ನೀವ ನಿಮ್ಮ ಕೈಯಾರೆ ಬರದಿದ್ರಿ. ನಾ ಹ್ಯಾಂಗ ತಪ್ಪ ಅನ್ಲಿ?" ಅಂದ.

ಅದಕ್ಕೂ ಎರಡು ತಿಂಗಳ ಹಿಂದೆ ಬೇರೆ ಯಾವುದಕ್ಕೋ ಅವನು ಅಡ್ಡ ಬಾಯಿ ಹಾಕಿದ್ದಕ್ಕೆ ಎಲ್ಲರ ಮುಂದೆ ಗದರಿದ್ದೆ. ಅದು ನನಗೆ ಮರೆತುಹೋಗಿತ್ತು. ಅವನಿಗೆ ಮರೆತಿರಲಿಲ್ಲ.

ಹಾಗಾಗಿ ಮಗಳ ಪದ್ಧತಿ ಬೇಕಾ ಬೇಡವಾ ಅಂತ ನನ್ನನ್ನು ಕೇಳುವ ಬದಲು ನಿಮ್ಮ ಹಾಳಾದ ಕೆಲಸಗಳನ್ನೇ ಕೇಳಿ. ಕಳೆದ ಆರು ತಿಂಗಳಲ್ಲಿ ಮತ್ತೆ ಮುದ್ರಿಸಿದ್ದು, ತಡವಾದದ್ದು, ವಾಪಸು ಬಂದದ್ದು ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಒಂದೊಂದರ ಮುಂದೆ, ಇದು ಹಾಳಾಗುವ ಮುಂಚೆ ಪ್ರೆಸ್‌ನೊಳಗೆ ಯಾರಿಗಾದರೂ ಗೊತ್ತಿತ್ತಾ ಅಂತ ಬರೆಯಿರಿ. ಕಂಪ್ಯೂಟರ್‌ನಲ್ಲಿ ಪುಟ ಜೋಡಿಸುವ ಡಿಟಿಪಿಯವಳು, ಮಷಿನ್ ಕಾಗದದ ಅಂಚು ಹಿಡಿಯುವ ಗ್ರಿಪ್ಪರ್‌ಗೆ ಜಾಗ ಬಿಡದೆ ಫೈಲ್ ಕಳಿಸಿದ್ದು ಮಷಿನ್‌ಮನ್‌ಗೆ ಪ್ಲೇಟ್ ನೋಡಿದಾಗಲೇ ಗೊತ್ತಾಗಿರುತ್ತದೆ. ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಮುಹೂರ್ತ ಬದಲಿಸಿದ್ದು ಒಬ್ಬರ ಫೋನಿನಲ್ಲೇ ಕೂತಿರುತ್ತದೆ. ಇಂಥವೇ ಜಾಸ್ತಿ ಇದ್ದರೆ ಮಗಳ ಮಾತು ಕೇಳಿ. ಕರೆಂಟ್ ಹೋಗಿದ್ದು, ಕಾಗದ ತಡವಾಗಿ ಬಂದದ್ದು, ಗಿರಾಕಿ ಪ್ರೂಫ್‌ಗೆ ಸಹಿ ಮಾಡದೆ ಎಂಟು ದಿನ ಆಡಿಸಿದ್ದು ಇವೇ ಜಾಸ್ತಿಯಾದರೆ, ಎಷ್ಟು ಮಾತಾಡಿದರೂ ಅಷ್ಟೇ. ಇದ್ದಂಗೆ ಇರಿ.

ಕಣಗಿನಹಾಳದ ಮಾತು ಕೇಳಲು ಚೆಂದ, ಆದರೆ ಇಲ್ಲಿಗೆ ಕೂಡುವುದಿಲ್ಲ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕಟ್ಟಿದ್ದು ರೈತರ ಸಾಲದ ಸಂಘ. ಸದಸ್ಯರೇ ಮಾಲಕರು. ನಿಮ್ಮ ಪ್ರೆಸ್ ನಷ್ಟವಾದರೆ ಬ್ಯಾಂಕಿನವರು ನಿಮ್ಮ ಬಾಗಿಲಿಗೇ ಬರುತ್ತಾರೆ, ಬೈಂಡರ್ ಬಾಗಿಲಿಗಲ್ಲ. ಅದಕ್ಕೇ ರೇಟು, ಉದ್ರಿ, ಹೊಸ ಮಷಿನ್ ಇವು ನಿಮ್ಮ ತೀರ್ಮಾನವೇ ಇರಲಿ. ಕೇಳಿಸಿಕೊಂಡು ಕೊನೆಗೆ ನಿಮ್ಮದೇ ಮಾಡುವುದಿದ್ದರೆ ಕೇಳಲೇಬೇಡಿ.

ಮಗಳಿಗೆ ಉದಾಹರಣೆ ಬೇಕಾದರೆ ನಮ್ಮ ಹುಬ್ಬಳ್ಳಿಯ ಬೆಂಗೇರಿ ಇದೆ. ಅಲ್ಲಿನ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಬಟ್ಟೆಗೆ ಬಣ್ಣ, ಚಕ್ರದ ಅಚ್ಚು, ಹೊಲಿಗೆ, ಒಂದೊಂದಕ್ಕೂ ಬೇರೆ ಕೈ. ಎತ್ತರ ಎರಡಾದರೆ ಉದ್ದ ಮೂರು, ಚಕ್ರದ 24 ಗೆರೆ ಎರಡೂ ಬದಿಗೆ ಕಾಣಬೇಕು. ಅಚ್ಚಿನ ತಪ್ಪು ಕಂಡೂ ಕಾಣದಂಗೆ ಹೊಲಿದರೆ ಹೊಲಿಗೆಯೂ ದಂಡ.

ಇನ್ನು ಆ ಇಪ್ಪತ್ತು ನಿಮಿಷ. ಹನ್ನೊಂದು ಜನ ಅಂದರೆ ದಿನಕ್ಕೆ ಮೂರು ಗಂಟೆ ನಲವತ್ತು ನಿಮಿಷದ ಕೆಲಸ. ಸುಮ್ನೆ ಬಿಡುವಷ್ಟು ಸಣ್ಣದಲ್ಲ. ಮಷಿನ್ ಶುರುವಾಗುವ ಮುಂಚೆ ಹತ್ತು ನಿಮಿಷ ಸಾಕು, ಅದೂ ಆ ದಿನದ ಕೆಲಸದಲ್ಲಿ ಕೈ ಇರುವವರು ಮಾತ್ರ. ಆ್ಯಪ್ ಆಮೇಲೆ ನೋಡೋಣ, ಮೊದಲು ಗೋಡೆಗೊಂದು ಕರಿಹಲಗೆ ಹಾಕಿ.

ನೀವು ಬರೆಯದೇ ಬಿಟ್ಟ ಒಂದು ವಿಷಯ ಇದೆ. ನಿಮ್ಮ ಬೈಂಡಿಂಗ್‌ನವರಿಗೆ ತಿಂಗಳ ಪಗಾರವಾ, ಪೀಸ್ ಲೆಕ್ಕವಾ? ಪೀಸ್ ಲೆಕ್ಕವಾದರೆ ಆ ಹತ್ತು ನಿಮಿಷ ಅವರ ಜೇಬಿನಿಂದ ಹೋಗುತ್ತದೆ. "ಮಾಲಕ್ರ, ಇದು ಅಡ್ಡ ಎಳೆ ಐತಿ, ನಿಲ್ಲಸ್ರಿ" ಅಂದರೆ ಅರ್ಧ ದಿನದ ಮಡಿಕೆಯ ಕೂಲಿಯೂ ಹೋಯಿತು. ಸುಮ್ಮನೆ ಮಡಚಿದರೆ ಕೂಲಿ, ಬಾಯಿ ಬಿಟ್ಟರೆ ನಷ್ಟ. ಹಿಂಗಿದ್ದಾಗ ನೀವಾದರೂ ಬಾಯಿ ಬಿಡುತ್ತಿದ್ದಿರಾ? ಕೆಲಸ ನಿಲ್ಲಿಸಿದ ಹೊತ್ತಿಗೂ ಕೂಲಿ ಕೊಡುತ್ತೇನೆ ಅಂತ ಮೊದಲು ಹೇಳಿ, ಮೊದಲ ವಾರವೇ ಕೊಟ್ಟು ತೋರಿಸಿ. ಮೀಟಿಂಗ್ ಅದರ ನಂತರ.

ಒಂದೇ ಕೆಲಸದ ಮೇಲೆ ನೋಡಿ, ಲಗ್ನಪತ್ರಿಕೆ ಸಾಕು. ಈ ಸೀಸನ್ ಮುಗಿಯುವವರೆಗೆ ಕೆಲಸದ ವಿವರ ಬರೆಯುವ ಜಾಬ್ ಕಾರ್ಡ್‌ನ ಕೆಳಗೆ ಡಿಟಿಪಿ, ಮಷಿನ್, ಬೈಂಡಿಂಗ್ ಮೂವರ ಸಹಿ ಇಲ್ಲದೆ ಶೀಟು ಕತ್ತರಿಸಬೇಡಿ. ಸೀಸನ್ ಆದ ಮೇಲೆ ನೋಟ್‌ಬುಕ್ ಮತ್ತೆ ತೆಗೆಯಿರಿ, ಮಗಳನ್ನೂ ಪಕ್ಕ ಕೂಡಿಸಿಕೊಂಡು.

ನನ್ನ ಡ್ರಿಲ್ಲಿಂಗ್‌ನವನಿಗೂ ಹಂಗೇ ಕಾರ್ಡ್ ಮೇಲೆ ಸಹಿ ಹಾಕುವ ಹಕ್ಕು ಕೊಟ್ಟೆ. ಮೊದಲ ವಾರದಲ್ಲೇ ಎರಡು ಕಾರ್ಡ್ ವಾಪಸು ತಂದ. ಒಂದರಲ್ಲಿ ತಪ್ಪು ನನ್ನದು. ಇನ್ನೊಂದರಲ್ಲಿ ಅವನೇ ತಪ್ಪು ಓದಿದ್ದ, ಅರ್ಧ ಗಂಟೆ ಮಷಿನ್ ನಿಂತಿತ್ತು. ಬಾಯಿಗೆ ಬಂದ ಮಾತು ನುಂಗಿಕೊಂಡು, ಇಬ್ಬರಿಗೂ ಚಹಾ ತರಿಸಿದೆ.