ಏಟಿನ ಕಥೆ ಸಾಕು, ಆಮೇಲಿನದನ್ನು ಬರೆಯಿರಿ

ಸಿಸ್ಟರ್ ಅವರಿಗೆ ನಮಸ್ಕಾರ.

ನಿಮ್ಮ ‘ಆ ರಾತ್ರಿ’ ಲೇಖನ ಬಂತು. ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಅದರ ಜೊತೆ ಒಂದೂವರೆ ಪುಟದ ಕಾಗದ ಇಟ್ಟಿದ್ದಿರಲ್ಲ, ಅದನ್ನು ನಾಲ್ಕು ಸಲ ಓದಿದೆ. ಹಾಕುವುದಾದರೆ ಅದನ್ನೇ ಹಾಕಬೇಕು ಅನ್ನಿಸಿತು.

ಲೇಖನ ಏಳು ಪುಟ, ಅದರಲ್ಲಿ ಐದು ಪುಟ ಬರೀ ಹೊಡೆತ. ಮಾನಸಿಕ ರೋಗಿಗಳ ವಾರ್ಡು, ನೈಟ್ ಡ್ಯೂಟಿ, ಮಾತ್ರೆ ಕೊಡಲು ಹೋದಾಗ ಒಬ್ಬ ರೋಗಿ ನಿಮ್ಮ ಕೆನ್ನೆಗೆ ಬಾರಿಸಿದ್ದು, ಜಡೆ ಹಿಡಿದು ಎಳೆದದ್ದು, ಅಟೆಂಡರ್ ಓಡಿಬಂದದ್ದು. ‘ರಾಕ್ಷಸನಂತೆ ಎರಗಿದ’, ‘ಕಣ್ಣಲ್ಲಿ ಬೆಂಕಿ’. ಇದೆಲ್ಲ ಸಿನಿಮಾದವರ ಮಾತು, ನಿಮ್ಮದಲ್ಲ. ಮಾನಸಿಕ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಯಾರ ಮೇಲೂ ಕೈ ಎತ್ತುವುದಿಲ್ಲ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ‘ಮಾತ್ರೆಯಲ್ಲಿ ವಿಷ ಇದೆ’ ಎಂದು ಆತನ ಕಿವಿಯಲ್ಲಿ ಒಂದು ದನಿ ಹೇಳುತ್ತಿತ್ತು ಎಂದು ಕಾಗದದಲ್ಲಿ ಬರೆದಿದ್ದೀರಿ. ಆ ಸಾಲು ಲೇಖನಕ್ಕೆ ಬಂದರೆ ರಾಕ್ಷಸ ತಾನಾಗಿಯೇ ಜಾಗ ಖಾಲಿ ಮಾಡುತ್ತಾನೆ.

ಅಷ್ಟು ಹೊಡೆತದ ನಂತರ ‘ಅಂದಿನಿಂದ ನಾನು ಮೊದಲಿನಂತಿಲ್ಲ’ ಎಂಬ ಒಂದೇ ಸಾಲು. ಅಯ್ಯೋ, ನಾವು ಓದಬೇಕಿದ್ದದ್ದೇ ಅದನ್ನು ಅಲ್ವಾ? ಕಾಗದದಲ್ಲಿ ಎಷ್ಟು ಚೆನ್ನಾಗಿ ಹೇಳಿದ್ದೀರಿ. ತಾಳಿ ಸರ ಒಳಗೆ ಸೇರಿಸಿ ಪಿನ್ ಹಾಕಿಕೊಳ್ಳುವುದು. ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟೇ ಕೂರುವುದು. ಮಗ ಹಿಂದಿನಿಂದ ಬಂದು ತಬ್ಬಿಕೊಂಡಾಗ ಅವನನ್ನು ನೂಕಿಬಿಟ್ಟದ್ದು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತದ್ದು. ಈಗಲೂ ಮಾತ್ರೆಯನ್ನು ದೂರದಿಂದಲೇ ಚಾಚುವುದು, ಹಾಗೆ ಚಾಚುವಾಗ ನಿಮಗೇ ನಾಚಿಕೆಯಾಗುವುದು.

ಇನ್ನು ನಿಮ್ಮ ಸಿಟ್ಟು. ಹೊಡೆದವನ ಮೇಲೆ ಸಿಟ್ಟಾಗುವ ಹಾಗಿಲ್ಲ, ಅವನಿಗೆ ಹುಷಾರಿಲ್ಲ. ಮರುದಿನ ಅವನದೇ ಬಿಪಿ ನೋಡಬೇಕು, ಅವನು ಊಟ ಮಾಡಿದನಾ ಎಂದು ಕೇಳಬೇಕು. ಮೇಲಿನವರು ಕೇಳಿದ ಮೊದಲ ಪ್ರಶ್ನೆ ‘ನೀನೇನು ಅಂದೆ ಅವನಿಗೆ?’ ಮನೆಯವರು ‘ಬೇರೆ ವಾರ್ಡ್ ಹಾಕಿಸ್ಕೋ’ ಎಂದರು. ದಾರಿ ಸಿಗದ ಸಿಟ್ಟು ತಿರುಗಿ ನಿಮ್ಮ ಮೇಲೇ ಬಂತು. ‘ಅಷ್ಟು ಹತ್ತಿರ ಹೋಗಬಾರದಿತ್ತು’ ಎಂದು ದಿನಾ ಲೆಕ್ಕ ಹಾಕುತ್ತೀರಂತೆ. ಲೇಖನದಲ್ಲಿ ಇದರ ಸುಳಿವೇ ಇಲ್ಲ. ಅಲ್ಲಿರುವುದು ‘ಸೇವೆಯೇ ನಮ್ಮ ಧರ್ಮ’. ಅದನ್ನು ಮೇ 12ರ ದಾದಿಯರ ದಿನದ ಭಾಷಣಕ್ಕೆ ಇಟ್ಟುಕೊಳ್ಳಿ.

‘ಎರಡನೇ ದಿನವೇ ಪಿಟಿಎಸ್‌ಡಿ ಶುರುವಾಯಿತು’ ಎಂದಿದ್ದೀರಿ. ಆಘಾತದ ನಂತರ ಬಿಡದೆ ಕಾಡುವ ಮಾನಸಿಕ ತೊಂದರೆಯ ಹೆಸರು ಅದು. ತೊಂದರೆ ಒಂದು ತಿಂಗಳಿಗಿಂತ ಜಾಸ್ತಿ ಉಳಿದರೆ ಮಾತ್ರ ಡಾಕ್ಟರುಗಳು ಆ ಹೆಸರು ಕೊಡುತ್ತಾರೆ. ನರ್ಸ್ ಆಗಿ ಈ ತಪ್ಪು ಮಾಡಬಾರದು. ಅಷ್ಟಕ್ಕೂ ಆ ಹೆಸರು ಯಾಕೆ ಬೇಕು? ಬಚ್ಚಲಿನ ನಲ್ಲಿ ಸಾಕು. ಶೇಕಡಾ ಲೆಕ್ಕ ಒಂದಿದೆ, ಎಲ್ಲಿಂದ ಬಂತೆಂದು ಹೇಳಿಲ್ಲ. ತೆಗೆಯಿರಿ.

‘ಕಾನೂನು ನಮ್ಮನ್ನು ಕೈಬಿಟ್ಟಿದೆ’ ಎಂಬುದು ಅರ್ಧ ಸರಿ. ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡಿದವರನ್ನು ಶಿಕ್ಷಿಸಲು ಕರ್ನಾಟಕದಲ್ಲಿ 2009ರ ಕಾಯ್ದೆಯೇ ಇದೆ. ಆದರೆ ಮನಸ್ಸು ಕೆಟ್ಟು, ಮಾಡುತ್ತಿರುವುದು ಏನೆಂದೇ ತಿಳಿಯದವನು ಮಾಡಿದ್ದು ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಹೇಳುತ್ತದೆ. ಹಳೆಯ ಐಪಿಸಿಯಲ್ಲಿ ಅದು 84. ಪೆಟ್ಟು ಬಿದ್ದದ್ದು ನಿಜ, ಆದರೆ ಅಪರಾಧಿ ಅಂತ ಯಾರೂ ಇಲ್ಲದೆ ಹೋಗಬಹುದು. ಈ ಇಕ್ಕಟ್ಟನ್ನು ಬರೆಯಿರಿ, ಘೋಷಣೆ ಬೇಡ.

‘ರಾತ್ರಿಯಿಡೀ ಕಟ್ಟಿ ಹಾಕಿದ್ದೆವು’ ಎಂದು ಬರೆದು ಸುಮ್ನೆ ಮುಂದೆ ಹೋಗಿದ್ದೀರಿ. ಓದುಗರು ಅಲ್ಲೇ ನಿಲ್ಲುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಯನ್ನು ಒಂಟಿಯಾಗಿ ಕೂಡಿಹಾಕುವಂತಿಲ್ಲ. ಕಟ್ಟುವುದೂ ಬೇರೆ ದಾರಿ ಇಲ್ಲದಾಗ ಮಾತ್ರ. ಮನೋವೈದ್ಯರ ಒಪ್ಪಿಗೆ ಬೇಕು, ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೂಡದು, ಶಿಕ್ಷೆಯಾಗಿ ಅಂತೂ ಇಲ್ಲವೇ ಇಲ್ಲ. ಯಾರು ಹೇಳಿದರು, ಎಷ್ಟು ಹೊತ್ತು, ಕೇಸ್ ಶೀಟಿನಲ್ಲಿ ಏನು ಬರೆದಿರಿ? ಗಂಟು ಹಾಕಿದ್ದು ನೀವೇ. ‘ಬೇಕಿದ್ದಕ್ಕಿಂತ ಬಿಗಿಯಾಗಿ ಹಾಕಿದೆನಾ’ ಎಂದು ಇವತ್ತಿಗೂ ಅನ್ನಿಸುತ್ತದೆಂದು ಕಾಗದದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಗೀಚಿದ್ದೀರಿ. ಬರೆದು ಹೊಡೆದು ಹಾಕಿದ್ದೀರಿ, ಆದರೂ ಓದಲು ಬಂತು. ನನ್ನ ಕೇಳಿದರೆ ಲೇಖನ ಅಲ್ಲಿಂದಲೇ ಶುರುವಾಗಲಿ. ಏಟು ಅರ್ಧ ಪುಟ ಮೀರದಿರಲಿ.

1,500 ಪದದೊಳಗೆ ಮುಗಿಸಿ. ಆತನ ಊರು, ವಯಸ್ಸು ಬದಲಾಯಿಸಿ. ಆಸ್ಪತ್ರೆ ಹೆಸರು ಬೇಡ. ನಿಮ್ಮ ಹೆಸರು ಹಾಕಬೇಡಿ ಎಂದರೆ ಹಾಕುವುದಿಲ್ಲ. ಬರೆಯುತ್ತಾ ಬರೆಯುತ್ತಾ ನಿದ್ದೆ ಕೆಟ್ಟರೆ ಪಕ್ಕಕ್ಕಿಡಿ, ನಮಗೇನೂ ಅವಸರ ಇಲ್ಲ. ರೋಗಿಗಳ ಮನೆಯವರಿಗೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಡುತ್ತೀರಲ್ಲ, ಅದಕ್ಕೆ ನರ್ಸುಗಳೂ ಫೋನ್ ಮಾಡಬಹುದು.

ಒಂದು ಮಾತು ಕೇಳಬೇಕಿತ್ತು. ಹುಷಾರಾಗಿ ಡಿಸ್‌ಚಾರ್ಜ್ ಆಗುವ ದಿನ ಆತ ಬಂದು ‘ಸಿಸ್ಟರ್, ನಾನು ನಿಮಗೆ ಹೊಡೆದೆನಂತೆ, ಹೌದಾ?’ ಎಂದು ಕೇಳಿದ ಎಂದಿದ್ದೀರಿ. ಕಾಗದ ಅಲ್ಲಿಗೇ ನಿಂತಿದೆ. ನೀವೇನು ಹೇಳಿದಿರಿ?