ಜೀಪಿನಲ್ಲಿ ಹತ್ತಿದ ಬೆಟ್ಟ ಲೆಕ್ಕಕ್ಕೆ ಬರುತ್ತಾ?

ಪ್ರಶ್ನೆ: ಮೂವತ್ತೈದು ತುಂಬುವುದರೊಳಗೆ ಆರು ಬೆಟ್ಟ ಹತ್ತಬೇಕು ಅಂತ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ತಡಿಯಂಡಮೋಳ್, ಕುಮಾರ ಪರ್ವತ, ಕೊಡಚಾದ್ರಿ ಮುಗಿದಿವೆ. ಕುದುರೆಮುಖ ಒಂದೇ ಬಾಕಿ. ಆದರೆ ಮುಳ್ಳಯ್ಯನಗಿರಿಗೆ ಕಾರಿನಲ್ಲಿ ಹೋಗಿ ಮೆಟ್ಟಿಲಷ್ಟೇ ಹತ್ತಿದ್ದೆ. ಕೊಡಚಾದ್ರಿಗೆ ಜೀಪು. ಅವೆರಡೂ ಲೆಕ್ಕಕ್ಕಿಲ್ಲ ಅಂತ ಗೆಳೆಯರು ಕಾಡುತ್ತಾರೆ. ನೀವೇನಂತೀರಿ?
— ಓದುಗ, ಸೇಡಂ

ಉತ್ತರ: ಗೆಳೆಯರನ್ನು ಬಿಡಿ, ನಿಮಗೇ ಅನುಮಾನ ಇದೆ. ಇಲ್ಲದಿದ್ದರೆ ನನಗೆ ಪತ್ರ ಬರೆಯುತ್ತಿರಲಿಲ್ಲ, ಅಲ್ವಾ?

ಈ ಜಗಳ ಹೊಸದಲ್ಲ. ಸ್ಕಾಟ್ಲೆಂಡಿನಲ್ಲಿ ಹ್ಯೂ ಮನ್ರೋ ಅನ್ನುವವರು 1891ರಲ್ಲಿ ಅಲ್ಲಿನ 3,000 ಅಡಿ ಮೀರಿದ ಬೆಟ್ಟಗಳ ಪಟ್ಟಿ ಮಾಡಿದರು. ಈಗ ಅದರಲ್ಲಿ 282 ಬೆಟ್ಟಗಳಿವೆ. ಅಷ್ಟನ್ನೂ ಹತ್ತಿ ಮುಗಿಸುವುದು ಅಲ್ಲಿಯವರಿಗೆ ದೊಡ್ಡ ಹುಚ್ಚು. ತಮಾಷೆ ಅಂದರೆ, ಪಟ್ಟಿ ಮಾಡಿದ ಮನ್ರೋ ಅವರೇ ಅದನ್ನು ಪೂರ್ತಿ ಮಾಡದೆ ತೀರಿಕೊಂಡರು. 1901ರಲ್ಲಿ ಮೊದಲು ಮುಗಿಸಿದವರು ಅಂತ ಹೆಸರಾದ ಪಾದ್ರಿ ರಾಬರ್ಟ್‌ಸನ್ ಕಥೆ ಇನ್ನೂ ಚೆನ್ನಾಗಿದೆ. ಬೆನ್ ವಿವಿಸ್ ಅನ್ನುವ ಬೆಟ್ಟದ ತುದಿ ಹತ್ತಿರ ಬಂದಾಗ ಜೋರು ಮಳೆ ಹಿಡಿಯಿತು, ತೋಯಿಸಿಕೊಳ್ಳಲು ಮನಸ್ಸಾಗದೆ ತಿರುಗಿದೆ ಅಂತ ಅವರ ದಿನಚರಿಯಲ್ಲೇ ಇದೆ. ಆಮೇಲೆ ಮತ್ತೆ ಹತ್ತಿದರೋ ಇಲ್ಲವೋ ಅಂತ ಜನ ಇವತ್ತಿಗೂ ವಾದ ಮಾಡುತ್ತಾರೆ.

ಇನ್ನು ನಿಮ್ಮ ವಿಷಯ. ಬೆಟ್ಟದ ಎತ್ತರ ಬೇರೆ, ನೀವು ಏರಿದ್ದು ಬೇರೆ. ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ರಾಜ್ಯಕ್ಕೇ ಎತ್ತರದ್ದು. ಆದರೆ ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರ್ ಮೇಲಿದೆ. ಉಳಿದದ್ದರಲ್ಲೂ ಮುಕ್ಕಾಲು ಪಾಲು ಕಾರೇ ಏರಿತು. ಕುಮಾರ ಪರ್ವತ 1,712 ಮೀಟರ್ ಅಷ್ಟೇ. ಆದರೂ ಕುಕ್ಕೆಯಿಂದ ಹೊರಟರೆ 1,500 ಮೀಟರ್ ಆಸುಪಾಸು ಕಾಲಲ್ಲೇ ಏರಬೇಕು. ಅದನ್ನು ಮುಗಿಸಿದವರಿಗೆ ಯಾರ ಸರ್ಟಿಫಿಕೇಟೂ ಬೇಕಿಲ್ಲ.

ನನ್ನ ತೀರ್ಪು ಇಷ್ಟು. ಕೊಡಚಾದ್ರಿಯಲ್ಲಿ ಜೀಪು ಇಳಿದ ಮೇಲೆ ಸರ್ವಜ್ಞ ಪೀಠದವರೆಗೆ ನಡೆದಿದ್ದರೆ ಅರ್ಧ ಅಂಕ ಕೊಡುತ್ತೇನೆ. ಜೀಪು ನಿಲ್ಲುವಲ್ಲೇ ಇರುವ ಮೂಕಾಂಬಿಕೆ ಗುಡಿ ಹತ್ತಿರ ಚಹಾ ಕುಡಿದು ವಾಪಸ್ ಬಂದಿದ್ದರೆ ಅದು ಪ್ರವಾಸ. ಮುಳ್ಳಯ್ಯನಗಿರಿಯನ್ನು ಮಾತ್ರ ಇನ್ನೊಮ್ಮೆ ಮಾಡಿ. ಸರ್ಪದಾರಿ ಅನ್ನುವ ಕಾಲುದಾರಿಯಿಂದ ಹತ್ತಿ. ದಾರಿ ಉದ್ದವಿಲ್ಲ, ಆದರೆ ಕಡಿದು. ಸೊಲ್ಲಾಪುರ–ಹಾಸನ ರೈಲು ಕಲಬುರಗಿ ಮೇಲೇ ಹೋಗುತ್ತದೆ. ಹಾಸನದಲ್ಲಿ ಇಳಿದರೆ ಚಿಕ್ಕಮಗಳೂರಿಗೆ ಬಸ್ಸಿಗೇನೂ ಬರವಿಲ್ಲ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ, ಕೆಡುವುದಿಲ್ಲ. ಖಡಕ್ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲೇ ಇಡಿ. ಬ್ಯಾಗಿಗೆ ಸುಮ್ನೆ ತುರುಕಿದರೆ ಮೇಲೆ ಹೋಗಿ ಪುಡಿ ಮುಕ್ಕಬೇಕಾಗುತ್ತದೆ.

ಪ್ರಶ್ನೆ: ಕಲಬುರಗಿಯಲ್ಲಿ ಏರು ಅಂದರೆ ರೈಲ್ವೆ ಮೇಲ್ಸೇತುವೆ ಒಂದೇ. ಇಲ್ಲಿದ್ದುಕೊಂಡು ಬೆಟ್ಟಕ್ಕೆ ತಯಾರಿ ಹೇಗೆ?
— ಓದುಗಳು, ಕಲಬುರಗಿ

ಉತ್ತರ: ನಾನೂ ಇದೇ ಊರಲ್ಲಿ ಬೆಳೆದವಳು. ಇಲ್ಲಿನವರಿಗೆ ದಮ್ಮಿನ ಚಿಂತೆ ಜಾಸ್ತಿ, ಮೊಣಕಾಲಿನ ಚಿಂತೆ ಕಡಿಮೆ. ಇರಬೇಕಾದ್ದು ಉಲ್ಟಾ. ಹತ್ತುವಾಗ ಸುಸ್ತಾದರೆ ಕೂತು ಎದ್ದು ಹೋಗಬಹುದು. ಇಳಿಯುವಾಗ ಒಂದೊಂದು ಹೆಜ್ಜೆಗೂ ತೊಡೆಯ ಸ್ನಾಯು ಮೈಭಾರವನ್ನೆಲ್ಲ ತಡೆದು ಹಿಡಿಯಬೇಕು. ಅಭ್ಯಾಸ ಇಲ್ಲದಿದ್ದರೆ ಮಾರನೇ ದಿನ ಮೆಟ್ಟಿಲು ಕಂಡರೆ ಅಳು ಬರುತ್ತದೆ. ಆದ್ದರಿಂದ ಯಾವುದಾದರೂ ನಾಲ್ಕಂತಸ್ತಿನ ಕಟ್ಟಡ ಹಿಡಿಯಿರಿ. ಬೆನ್ನಿಗೆ ಐದು ಕಿಲೋ ಜೋಳ ಹಾಕಿಕೊಂಡು ಹತ್ತಿ, ಇಳಿಯುವಾಗ ಲಿಫ್ಟ್ ಬಳಸದೆ ನಿಧಾನ ಇಳಿಯಿರಿ. ಇಳಿಜಾರು ಶುರುವಾಗುವ ಮುಂಚೆ ಹಿಮ್ಮಡಿಯನ್ನು ಶೂ ಹಿಂಭಾಗಕ್ಕೆ ಒತ್ತಿ ಲೇಸನ್ನು ಬಿಗಿಯಾಗಿ ಕಟ್ಟಿ. ಪಾದ ಮುಂದೆ ಜಾರಿದರೆ ಹೆಬ್ಬೆರಳಿನ ಉಗುರು ಶೂ ಗೋಡೆಗೆ ಬಡಿದು ಬಡಿದು ಕಪ್ಪಾಗುತ್ತದೆ, ವಾರಗಟ್ಟಲೆ ನೋವು. ಏಪ್ರಿಲ್‌–ಮೇ ಬಿಸಿಲಿನಲ್ಲಿ ಏನೇ ಮಾಡುವುದಿದ್ದರೂ ಬೆಳಿಗ್ಗೆ ಏಳರೊಳಗೆ ಮುಗಿಸಿ.

ಪ್ರಶ್ನೆ: ಇಂಬಳ (ಕಾಡಿನ ಜಿಗಣೆ) ಕಚ್ಚಿದರೆ ರಕ್ತ ನಿಲ್ಲುವುದೇ ಇಲ್ಲವಂತೆ, ಹೌದಾ?
— ಓದುಗ, ಬೀದರ್

ಉತ್ತರ: ನಿಲ್ಲುತ್ತದೆ, ತಡವಾಗಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ. ಹಸಿದ ಇಂಬಳ ದಾರದ ಎಳೆಯಷ್ಟೇ ಸಣ್ಣದು. ಎಲೆ ತುದಿಯಲ್ಲಿ ಎದ್ದು ನಿಂತು ಆಚೀಚೆ ತೂಗಾಡುತ್ತಾ ನಿಮ್ಮ ಕಾಲಿಗೇ ಕಾಯುತ್ತಿರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಕಚ್ಚಿದರೆ ಉಗುರಿನಿಂದ ಮೆಲ್ಲಗೆ ಜಾರಿಸಿ ಬಿಡಿಸಿ, ಗಾಯ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ಪ್ರಶ್ನೆ: ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಕಡೆ ಪಟ್ಟಿ ಮಾಡುವಷ್ಟು ಬೆಟ್ಟ ಇಲ್ವಾ?
— ಓದುಗ, ಶಹಾಪುರ

ಉತ್ತರ: ಮಲಗಿದ ಬುದ್ಧನ ಬೆಟ್ಟದ ಬುಡದಲ್ಲಿ ಕೂತು ಈ ಪ್ರಶ್ನೆ ಕೇಳುತ್ತೀರಲ್ಲ! ಯಾದಗಿರಿ ಕೋಟೆ, ಶಹಾಪುರದ ಬೆಟ್ಟ, ಸುರಪುರದ ಗುಡ್ಡ, ಚಿಂಚೋಳಿಯ ಕಾಡುಗುಡ್ಡ — ನಾಲ್ಕು ಹೆಸರು ಬರೆದುಕೊಳ್ಳಿ. ಎತ್ತರ ಮಾತ್ರ ಕೇಳಬೇಡಿ. ಯಾದಗಿರಿಯಲ್ಲಿ ಸ್ಟೇಷನ್‌ನಿಂದ ನಡೆದೇ ಕೋಟೆ ಬುಡ ಸೇರಬಹುದು. ಮೇಲೆ ಹಳೇ ಫಿರಂಗಿ ಇದೆ, ಊರಿಗೆ ಊರೇ ಕಾಣುತ್ತದೆ. ಇಲ್ಲಿ ಮರದ ನೆರಳಿಲ್ಲ, ಬರೀ ಬಂಡೆ. ಬೇಸಿಗೆಯಲ್ಲಿ ಹನ್ನೊಂದು ಗಂಟೆಗೆ ಕೈ ಊರಲು ಆಗುವುದಿಲ್ಲ. ಚಿಂಚೋಳಿ ವನ್ಯಜೀವಿಧಾಮ, ಅಲ್ಲಿಗೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ.

ಹಾಂ, ಸೇಡಂ ಓದುಗರೇ, ನಿಮ್ಮ ಕುದುರೆಮುಖಕ್ಕೂ ಅದೇ ಮಾತು. ಅರಣ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಮುಂಗಡ ಅನುಮತಿ ಸಿಕ್ಕ ಮೇಲೇ ರೈಲಿನ ಟಿಕೆಟ್ ಮಾಡಿಸಿ. ಕಾಳ್ಗಿಚ್ಚಿನ ದಿನಗಳಲ್ಲಿ ದಾರಿ ಮುಚ್ಚುತ್ತಾರೆ, ಮೇಲೆ ರಾತ್ರಿ ತಂಗಲು ಬಿಡುವುದಿಲ್ಲ. ನಡಿಗೆ ಶುರುವಾಗುವ ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿ.ಮೀ. ಆಗುತ್ತದೆ, ಬೆಳಗ್ಗೆ ಬೇಗ ಹೊರಡಿ. ಮುಳ್ಳೋಡಿವರೆಗಿನ ಜೀಪು ಪರವಾಗಿಲ್ಲ, ಅದಕ್ಕೆ ಅಂಕ ಕಳೆಯುವುದಿಲ್ಲ.