ಅರ್ಧ ಕಪ್ ಜೇನಿನ ತೂಕ ಎಷ್ಟು?

ಪ್ರಶ್ನೆ: ಅಕ್ಕಾ, ಕೇಕ್‌ಗೆ 170 ಗ್ರಾಂ ಜೇನುತುಪ್ಪ ಅಂತ ಬರೆದಿದೆ. ನನ್ನಲ್ಲಿ ತಕ್ಕಡಿ ಇಲ್ಲ, ಅಳತೆ ಕಪ್ ಇದೆ. 170 ಎಂ.ಎಲ್. ಹಾಕಲಾ?

ಉತ್ತರ: ಬೇಡ ತಂಗಿ, ತುಂಬಾ ಜಾಸ್ತಿ ಆಗುತ್ತದೆ. ಜೇನು ನೀರಿಗಿಂತ ಭಾರ ಅಲ್ವಾ? 240 ಎಂ.ಎಲ್. ಕಪ್ಪಿನಲ್ಲಿ ನೀರು 240 ಗ್ರಾಂ, ಜೇನು ಸುಮಾರು 340. ನಿನಗೆ ಅರ್ಧ ಕಪ್ ಸಾಕು. ನಾನೂ ಮೊದಲ ಸಲ ಹೀಗೇ ಸುರಿದಿದ್ದೆ. ಮೇಲೆಲ್ಲ ಕಪ್ಪಾಯಿತು, ನಡುವೆ ಇನ್ನೂ ಹಸಿ ಹಿಟ್ಟು. ಮಗಳ ಹುಟ್ಟುಹಬ್ಬದ ದಿನ, ಬಹಳ ಬೇಜಾರಾಗಿತ್ತು.

ಕಪ್ಪಿನ ಒಳಗೆ ಬೆರಳಿನಿಂದ ಒಂದು ಹನಿ ಎಣ್ಣೆ ಸವರು. ಜೇನು ಅಂಟದೆ ಪೂರ್ತಿ ಜಾರಿ ಬರುತ್ತದೆ. ಜೋನಿ ಬೆಲ್ಲಕ್ಕೆ ಮಾತ್ರ ಈ ಲೆಕ್ಕ ನಂಬಬೇಡ. ಒಂದು ಡಬ್ಬ ನೀರಾಗಿರುತ್ತದೆ, ಇನ್ನೊಂದು ಗಟ್ಟಿ. ಅದನ್ನು ತೂಗಿಯೇ ಹಾಕಬೇಕು.